ಹತ್ತು ಗಂಟೆಯ ಕೂಗು

ಉಪ್ಸಾಲಾ,
9 ನವೆಂಬರ್ 2015

ಪರಮಪೂಜ್ಯ ತೆಕ್ಲಾ ಅವರ ಸನ್ನಿಧಾನಕ್ಕೆ,

ಎರಡನೇ ಮಹಡಿಯ ಕಾಫಿ ಕೋಣೆಯ ಸಮಸ್ತರ ಪರವಾಗಿ ಕೆಳಗೆ ಸಹಿ ಮಾಡಿರುವ ನಾನು ಅತ್ಯಂತ ವಿನಯದಿಂದ ನಿವೇದಿಸಿಕೊಳ್ಳುವುದೇನೆಂದರೆ, ತಾವು ಜರ್ಮನಿಗೆ ಹೊರಟ ಗಡಿಬಿಡಿಯಲ್ಲಿ ತಮ್ಮ ಬಾತುಕೋಳಿ ಚಿತ್ರದ ಕಪ್ ಇಲ್ಲೇ ಕಪಾಟಿನಲ್ಲಿ ಉಳಿದುಬಿಟ್ಟಿದೆ. ಅದೀಗ ನಮ್ಮ ವಶದಲ್ಲಿದೆ. ಆರೋಗ್ಯವಾಗಿದೆ. ಪೊಲೀಸರಿಗೆ ತಿಳಿಸಿದರೆ ಅದರ ಹಿಡಿಗೆ ಏನಾಗುತ್ತದೆಂದು ನಾವು ಹೇಳಲಾರೆವು. ನಮ್ಮ ಬೇಡಿಕೆ ಒಂದೇ: ತಿಂಗಳಿಗೊಂದು ಪತ್ರ, ಕಾಗದದ ಮೇಲೆ, ಕೈಬರಹದಲ್ಲಿ. ಅಂಕಿಅಂಶಗಳನ್ನು ಈಮೇಲಿನಲ್ಲಿ ಕಳಿಸಬಹುದು. ನಿಜವನ್ನು ಅಂಚೆಯಲ್ಲಿ ಕಳಿಸತಕ್ಕದ್ದು. ಇದಕ್ಕೆಂದೇ ಬೀಳ್ಕೊಡುಗೆಯ ದಿನ ತಮಗೆ ಹತ್ತು ಲಕೋಟೆಗಳನ್ನು, ನನ್ನ ವಿಳಾಸ ಬರೆದು, ಸ್ಟಾಂಪು ಅಂಟಿಸಿಯೇ, ಅರ್ಪಿಸಿದ್ದು ನೆನಪಿರಬಹುದು.

ಇಲ್ಲಿಯ ಸುದ್ದಿ ವಿಶೇಷವೇನಿಲ್ಲ. ಮೂರೂವರೆಗೇ ಕತ್ತಲಾಗುತ್ತಿದೆ. ನಮ್ಮ ಪ್ರಯೋಗಾಲಯದ ಒಡತಿ ಬೂಯೆಲ್ ಹೊಸ ಕಾಫಿ ಯಂತ್ರ ತರಿಸಿದ್ದಾಳೆ. ಅದು ಹಾಲು ನೊರೆಯಾಗಿಸುವಾಗ ಹಂದಿ ಕಿರುಚಿದಂತೆ ಕೂಗುತ್ತದೆ, ರುಚಿ ಮಾತ್ರ ಪರವಾಗಿಲ್ಲ. ಶುಕ್ರವಾರ ಎಲ್ಲರೂ ಕೆಲಸ ಬಿಟ್ಟು ಫೀಕಾದ ಕಾಫಿಗೆ ಕೂತಾಗ ಅವಳು ನಿನ್ನ ಖಾಲಿ ಕುರ್ಚಿ ನೋಡಿ, "ಪಿಪೆಟ್ ಹಿಡಿಯೋದನ್ನ ನಿನಗೆ ಕಲಿಸಿದವಳು ಹೋದಳು. ಇನ್ನು ನೀನು ಯಾರನ್ನ ಗೋಳು ಹೊಯ್ಕೋತೀಯೋ?" ಅಂದಳು. "ಅಂಚೆ ಇಲಾಖೆ ಇದೆಯಲ್ಲ" ಅಂದೆ.

ತಮ್ಮ ವಿಧೇಯ ಅಪಹರಣಕಾರ,
ಹಾಂಪುಸ್


ಗೋಟಿಂಗೆನ್,
22 ನವೆಂಬರ್ 2015

ಹಾಂಪುಸ್,

ನಿನ್ನ ಹತ್ತು ಲಕೋಟೆಗಳಲ್ಲಿ ಒಂದನ್ನು ಹಿಡಿದುಕೊಂಡು ಅಂಚೆ ಕಚೇರಿಗೆ ಹೋದೆ. ಕೌಂಟರಿನಲ್ಲಿದ್ದ ಹೆಂಗಸು ಸ್ಟಾಂಪಿನ ಮೇಲಿದ್ದ ಹಕ್ಕಿಯನ್ನು ನೋಡಿದಳು, ನನ್ನನ್ನು ನೋಡಿದಳು. "ಇದು ಸ್ವೀಡನ್ ಹಕ್ಕಿ. ಇಲ್ಲಿಂದ ಹಾರಲ್ಲ ಮೇಡಂ" ಅಂದಳು. ಹತ್ತಕ್ಕೆ ಹತ್ತೂ ಸ್ವೀಡನ್ನಿನ ಸ್ಟಾಂಪು! ಬೀಳ್ಕೊಡುಗೆಯ ದಿನ ನೀನು ಕಣ್ಣೊರೆಸಿಕೊಂಡದ್ದು ದುಃಖಕ್ಕಲ್ಲ, ನಗು ತಡೆಯಲಾರದೆ ಅಂತ ಈಗ ಗೊತ್ತಾಯಿತು. ಹಕ್ಕಿಯ ತಲೆ ಮೇಲೆ ಜರ್ಮನಿಯ ಸ್ಟಾಂಪು ಅಂಟಿಸಿ ಇದನ್ನು ಕಳಿಸುತ್ತಿದ್ದೇನೆ.

ಎಲ್ಲ ಚೆನ್ನಾಗಿದೆ. ಜನ ಒಳ್ಳೆಯವರು. ಪ್ರೊಫೆಸರ್ ವೀಗಾಂಡ್ ಅವರು ನನ್ನನ್ನು "ಡಾಕ್ಟರ್" ಅಂತಲೇ ಕರೆಯುತ್ತಾರೆ. ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲರೂ ಎದುರು ಸಿಕ್ಕಿದವರಿಗೆಲ್ಲ "ಮಾಲ್‌ಟ್ಸೈಟ್" ಅಂತ ಊಟದ ಶುಭಾಶಯ ಹೇಳಿ ಬೇಗ ಬೇಗ ಹೋಗುತ್ತಾರೆ. ನಾನೂ ಹೇಳುತ್ತೇನೆ.

ಮನೆಯೊಡತಿ ಫ್ರಾವ್ ಟೀಡೆಮಾನ್ (ಇಲ್ಲಿ ಶ್ರೀಮತಿ ಅನ್ನಲು ಫ್ರಾವ್) ನನ್ನ ಕೆಲಸ ಏನೆಂದು ಕೇಳಿದರು. "ಜೀವಕೋಶದ ಹೊರಮೈ ಮೇಲೆ ಕಿವಿಗಳಿರುತ್ತವೆ, ಅವಕ್ಕೆ ಗ್ರಾಹಿ ಅಂತೀವಿ. ಹೊರಗಿನ ಸುದ್ದಿ ಆ ಕಿವಿಗೆ ತಾಗಿದರೆ ಒಳಗೆ ಸಂಕೇತ ಹೋಗುತ್ತೆ. ಅದನ್ನ ನೋಡ್ತೀನಿ" ಅಂದೆ. ಅವರು ತುಂಬ ಹೊತ್ತು ಯೋಚಿಸಿ, "ಕಿವಿ ಅಂದ್ರಲ್ಲ, ನನ್ನ ಕಿವಿ ಬಹಳ ಚುರುಕು. ರಾತ್ರಿ ಹತ್ತರ ಮೇಲೆ ಸ್ನಾನದ ನೀರು ಬಿಡೋ ಹಾಗಿಲ್ಲ" ಅಂದರು.

ಒಂದು ಕೆಲಸದ ವಿಷಯ. ಇಲ್ಲಿ ಮೊದಲ ಆರು ತಿಂಗಳು ಪರೀಕ್ಷಾವಧಿ. ಪ್ರೊಫೆಸರ್ ಅವರ ಬಳಗವೆಲ್ಲ ಗ್ರಾಹಿಗಳನ್ನು ಲಕ್ಷಗಟ್ಟಲೆ ತುರುಕಿ ಪ್ರಯೋಗಾಲಯದಲ್ಲೇ ಬೆಳೆಸಿದ ಸಾಕುಕೋಶಗಳಲ್ಲಿ ಕೆಲಸ ಮಾಡುತ್ತದೆ. ಅವು ಏನು ಮುಟ್ಟಿದರೂ ಕ್ರಿಸ್‌ಮಸ್ ಮರದ ಹಾಗೆ ಬೆಳಗುತ್ತವೆ. ನಾನು ಸಂದರ್ಶನದಲ್ಲಿ ಜಂಬದಿಂದ, ಗ್ರಾಹಿ ತನ್ನ ಮನೆಯಲ್ಲಿ, ತನ್ನ ಸಹಜ ಸಂಖ್ಯೆಯಲ್ಲಿ ಹೇಗೆ ನಡೆದುಕೊಳ್ಳುತ್ತದೆಂದು ತೋರಿಸುತ್ತೇನೆ ಅಂದಿದ್ದೆ. ಅಂದರೆ ಇಲಿಯ ಮೇದೋಜೀರಕ ಗ್ರಂಥಿಯ ಕೋಶಗುಚ್ಛಗಳಲ್ಲಿ. ಅಂದರೆ ನಿನ್ನ ಪ್ರಯೋಗ. ಏಪ್ರಿಲ್ ಕೊನೆಯೊಳಗೆ ತೋರಿಸಬೇಕು, ಇಲ್ಲದಿದ್ದರೆ ಕೆಲಸ ಮುಂದುವರಿಯುವುದಿಲ್ಲ. ನಿನ್ನ ವಿಧಾನವನ್ನೂ ಬೆಳಕು ಸೂಸುವ ಆ ಸಾಮಗ್ರಿಯ ನಳಿಕೆಗಳನ್ನೂ ಕಳಿಸುತ್ತೀಯಾ?

ಕಪ್ ಇರಲಿ. ಅದಕ್ಕೆ ದಿನಾ ಬಿಸಿ ಬಿಸಿ ಏನಾದರೂ ಕೊಡು.

ತೆಕ್ಲಾ


ಉಪ್ಸಾಲಾ,
14 ಡಿಸೆಂಬರ್ 2015

ಹಕ್ಕಿಯ ತಲೆ ಕತ್ತರಿಸಿದ ನಿರ್ದಯಿಗೆ,

ಸಾಮಗ್ರಿ ಒಣ ಮಂಜುಗಡ್ಡೆಯಲ್ಲಿ ಬೇರೆ ಪೆಟ್ಟಿಗೆಯಲ್ಲಿ ಬರುತ್ತಿದೆ. ಇಗೋ, ನನ್ನ ದಿವ್ಯ ವಿಧಾನ, ಶಿಲಾಶಾಸನದ ಮಾದರಿಯಲ್ಲಿ:

ಗುಚ್ಛಗಳನ್ನು ಬೆಳಿಗ್ಗೆ ಬಂದ ಕೂಡಲೇ ಸೂಕ್ಷ್ಮದರ್ಶಕದ ಕೆಳಗಿನ ಪುಟ್ಟ ಗಾಜಿನ ಬಟ್ಟಲಿಗೆ ಹಾಕತಕ್ಕದ್ದು. ಯಂತ್ರ ಬೆಚ್ಚಗಾಗಲಿ. ದ್ರಾವಣ ಹರಿಯಲು ಬಿಡತಕ್ಕದ್ದು. ಸಕ್ಕರೆ ಏರಿಸತಕ್ಕದ್ದು. ಗ್ರಾಹಿ ಒಳಗೆ ಸಂಕೇತ ಕಳಿಸಿದಂತೆಲ್ಲ ಕೋಶ ಹಸಿರಾಗಿ ಉಸಿರಾಡುತ್ತದೆ. ಅದನ್ನು ಬಾಯಿ ಮುಚ್ಚಿಕೊಂಡು ನೋಡತಕ್ಕದ್ದು. ಇಷ್ಟೇ. ಒಂದು ಇಲಿಯೂ ಮಾಡಬಲ್ಲದು. ಅದರ ಸಹಕಾರವಂತೂ ಹೇಗೂ ಇದೆ.

ನಿನ್ನೆ ಲೂಸಿಯಾ ಹಬ್ಬ. ತಲೆ ಮೇಲೆ ಮೇಣದ ಬತ್ತಿ ಹೊತ್ತು ಹಾಡುವ ಹುಡುಗಿಯ ಪಾತ್ರವನ್ನು ಈ ಸಲ ವಿದ್ಯಾರ್ಥಿನಿವಾಸದಲ್ಲಿ ನಾನೇ ವಹಿಸಿದೆ. ಗಡ್ಡದ ತುದಿ ಸ್ವಲ್ಪ ಸುಟ್ಟಿತು. ಆಮೇಲೆ ರಾತ್ರಿ ಹತ್ತು ಗಂಟೆಗೆ ನಮ್ಮ ಬಡಾವಣೆಯ ವಾಡಿಕೆಯಂತೆ ಕಿಟಕಿ ತೆರೆದು ಕೂಗಿದೆ. ಆ ಕಡೆಯ ಕಟ್ಟಡದಿಂದ, ಮೇಲಿನಿಂದ, ಕೆಳಗಿನಿಂದ, ವಿದ್ಯಾರ್ಥಿಗಳೇ ತುಂಬಿರುವ ಪೂರ್ತಿ ಫ್ಲೋಗ್ಸ್ತಾ ಕೂಗಿತು. ನೀನಿದ್ದಾಗ ಏಳನೇ ಮಹಡಿಯಿಂದ ಬರುತ್ತಿದ್ದ ಆ ಒಡೆದ ಸಿಳ್ಳೆಯಂಥ ಕೂಗೊಂದು ಇರಲಿಲ್ಲ, ಅಷ್ಟೇ.

ನಿನಗೆ ಅಲ್ಲಿ ಎಲ್ಲ ಚೆನ್ನಾಗಿದೆ ಅಂತ ಓದಿ ಸಂತೋಷವಾಯಿತು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಹಾಂಪುಸ್


ಗೋಟಿಂಗೆನ್,
17 ಜನವರಿ 2016

ಹಾಂಪುಸ್,

ಗುಚ್ಛಗಳು ಉಸಿರಾಡುತ್ತಿಲ್ಲ.

ನೀನು ಹೇಳಿದ್ದನ್ನೆಲ್ಲ ಅಕ್ಷರಶಃ ಮಾಡಿದ್ದೇನೆ, ಇನ್ನೂ ಶುಚಿಯಾಗಿ. ಪ್ರತಿ ಸಲವೂ ತೊಳೆದಿದ್ದೇನೆ. ದ್ರಾವಣ ಚುರುಕಾಗಿ ಹರಿಯುತ್ತದೆ. ಸಕ್ಕರೆ ಏರುತ್ತದೆ. ಪರದೆಯ ಮೇಲೆ ಮಸುಕು ಹಸಿರು ಬಿದ್ದುಕೊಂಡಿರುತ್ತದೆ, ಒಂದಿಷ್ಟೂ ಅಲುಗಾಡುವುದಿಲ್ಲ. ಉಪ್ಸಾಲಾದಲ್ಲಿ ಎಷ್ಟು ಸಲ ಫೀಕಾ ಮುಗಿಸಿ ಬಂದು ನಿನ್ನ ಬೆನ್ನ ಹಿಂದೆ ನಿಂತು ನೋಡಿದ್ದೆ! ಅಲೆ ಅಲೆಯಾಗಿ ಬರುತ್ತಿತ್ತಲ್ಲ. ಅದನ್ನೇ ನೆನೆಸಿಕೊಂಡು ಇಲ್ಲಿ ಕೂತಿರುತ್ತೇನೆ.

ಇಲ್ಲಿ ಸೂಕ್ಷ್ಮದರ್ಶಕಕ್ಕೆ ಸರದಿ ಹಚ್ಚಬೇಕು. ಹೊಸಬರಿಗೆ ಬೆಳಗಿನ ಜಾವದ ಸರದಿ. ಆರೂವರೆಗೆ ಬಾಗಿಲು ತೆಗೆದು ನಾನೇ ದೀಪ ಹಾಕುತ್ತೇನೆ. ಎಂಟಕ್ಕೆ ಸರಿಯಾಗಿ ಮುಂದಿನ ಸರದಿಯ ಫ್ರಾವ್ ಲೋಮಾನ್ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಮಾತಿಲ್ಲ. ಕೈಯಲ್ಲಿ ತಟ್ಟೆ, ಕಣ್ಣು ಗಡಿಯಾರದ ಮೇಲೆ. ನಾನು ಎದ್ದು ಬರುತ್ತೇನೆ.

ಪ್ರೊಫೆಸರ್ ಮೊನ್ನೆ, "ಡಾಕ್ಟರ್, ಸಾಕುಕೋಶಗಳು ಅಲ್ಲೇ ಕಾಯ್ತಾ ಇವೆ. ಅವು ಯಾವತ್ತೂ ಮೋಸ ಮಾಡಿದ್ದಿಲ್ಲ" ಅಂದರು. ಮೋಸ ಮಾಡದೇ ಇರುವುದೇ ಅವುಗಳ ತೊಂದರೆ ಅಂತ ನನ್ನ ಅನಿಸಿಕೆ. ಅಷ್ಟು ಕಿವಿ ತುರುಕಿದರೆ ಏನು ಹೇಳಿದರೂ ಕೇಳಿಸಿತು ಅನ್ನುತ್ತವೆ. ಆದರೆ ಹಾಗನ್ನಲು ನನ್ನ ಬಳಿ ತೋರಿಸುವಂಥದ್ದು ಏನೂ ಇಲ್ಲ.

ನಳಿಕೆಗಳು ಸರಿಯಿದ್ದವಾ?

ತೆಕ್ಲಾ


ಉಪ್ಸಾಲಾ,
9 ಫೆಬ್ರವರಿ 2016

ಘನ ನ್ಯಾಯಾಲಯದ ತೀರ್ಪು

ವಾದಿ: ತೆಕ್ಲಾ. ಪ್ರತಿವಾದಿ: ಉಸಿರಾಡದ ಒಂದು ಹಿಡಿ ಕೋಶ. ನ್ಯಾಯಮೂರ್ತಿ: ಹಾಂಪುಸ್, ಬಾಯಿ ತುಂಬ ಸೆಮ್ಲಾ ತುಂಬಿಕೊಂಡು (ಇವತ್ತು ಉಪವಾಸದ ಮುನ್ನಾದಿನ, ಕೆನೆ ತುಂಬಿದ ಈ ಬನ್ ತಿನ್ನದವನನ್ನು ಇಲ್ಲಿ ಗಡೀಪಾರು ಮಾಡುತ್ತಾರೆ).

ನ್ಯಾಯಾಲಯ ಕಂಡುಕೊಂಡದ್ದು: ಪ್ರತಿವಾದಿ ಕೋಶಗಳು ಜರ್ಮನ್ ಇಲಿಯಿಂದ ಬಂದವು. ಮೊದಲು ಔಪಚಾರಿಕ ಪರಿಚಯ ಮಾಡಿಸದೆ ಅವು ಯಾರೊಡನೆಯೂ ಮಾತಾಡುವುದಿಲ್ಲ. ಪರಿಹಾರ: ವಾದಿಯು ಪ್ರತಿ ದಿನ ಬೆಳಿಗ್ಗೆ ಬಟ್ಟಲಿನ ಮುಂದೆ ತಲೆಬಾಗಿ, ತನ್ನ ಹೆಸರು, ಪದವಿ, ಹುಟ್ಟಿದೂರು ಹೇಳತಕ್ಕದ್ದು. ನಳಿಕೆಗಳ ಬಗ್ಗೆ ವಾದಿ ಎತ್ತಿದ ಪ್ರಶ್ನೆಯನ್ನು ನ್ಯಾಯಾಲಯ ನಗುತ್ತಾ ತಳ್ಳಿಹಾಕಿದೆ.

ಚಿಂತೆ ಮಾಡಬೇಡ ಕಣೇ. ಹೊಸ ಜಾಗ, ಹೊಸ ಯಂತ್ರ. ಎರಡು ವಾರದಲ್ಲಿ ಸರಿಹೋಗುತ್ತದೆ. ಕಪ್ ಒಂದು ಸೆಮ್ಲಾ ತಿಂದಿತು. ಫೋಟೊ ಲಗತ್ತಿಸಿದೆ.

ಹಾಂ.


ಗೋಟಿಂಗೆನ್,
18 ಫೆಬ್ರವರಿ 2016

ಹಾಂಪುಸ್,

ನ್ಯಾಯಾಲಯ ಬೇಡ. ನನಗೊಂದು ನೇರ ಉತ್ತರ ಬೇಕು.

ಎರಡು ವರ್ಷದ ಹಿಂದೆ ಏಪ್ರಿಲ್ ಒಂದರಂದು ನೀನು ನನ್ನ ಎಲ್ಲ ನಳಿಕೆಗಳ ಚೀಟಿ ಬದಲಿಸಿ ನಲ್ಲಿ ನೀರು ತುಂಬಿ ಇಟ್ಟಿದ್ದೆ. ನಾನು ಅರ್ಧ ದಿನ ನೀರನ್ನು ಅಳೆದೆ. ಆಗ ನಕ್ಕಿದ್ದೆ, ಯಾಕೆಂದರೆ ಸಂಜೆಯ ಹೊತ್ತಿಗೆ ನೀನೇ ಬಂದು ನಿಜವಾದದ್ದನ್ನು ಕೊಟ್ಟಿದ್ದೆ. ಈ ಸಲ ಸಂಜೆ ಬರುತ್ತಲೇ ಇಲ್ಲ. ನೀನು ಕಳಿಸಿದ್ದು ನಿಜವಾದ ಸಾಮಗ್ರಿಯೋ ಅಲ್ಲವೋ? ನಿನ್ನ ಅಲೆಗಳು ನಿಜವೋ ಅಲ್ಲವೋ? ಈ ಪ್ರಶ್ನೆ ಕೇಳಲು ನಾಚಿಕೆಯಾಗುತ್ತದೆ. ಆದರೂ ಕೇಳುತ್ತಿದ್ದೇನೆ.

ಇನ್ನೊಂದು. ಹೋದ ಭಾನುವಾರ ರಾತ್ರಿ ಹತ್ತಕ್ಕೆ ಏನೆನಿಸಿತೋ, ಕಿಟಕಿ ತೆರೆದು ಕೂಗಿಬಿಟ್ಟೆ. ಫ್ಲೋಗ್ಸ್ತಾದಲ್ಲಿ ಕೂಗುವ ಹಾಗೇ, ಪೂರ್ತಿ ಎದೆಯಿಂದ. ಎದುರು ಮನೆಯ ಒಂದು ದೀಪ ಆರಿತು. ಅಷ್ಟೇ. ಆಮೇಲೆ ಫ್ರಾವ್ ಟೀಡೆಮಾನ್ ಮಹಡಿ ಹತ್ತಿ ಬಂದು ಬಾಗಿಲು ತಟ್ಟಿದರು. "ಮೈ ಹುಷಾರಿಲ್ವಾ? ಡಾಕ್ಟರನ್ನ ಕರೆಸಲಾ?" ನಾನು, ಅಯ್ಯೋ ಇಲ್ಲ, ನಮ್ಮೂರಲ್ಲಿ ಹೀಗೆ ಒಬ್ಬರು ಕೂಗಿದರೆ ಉಳಿದವರೂ ಕೂಗುತ್ತಾರೆ ಅಂದೆ. "ಯಾಕೆ?" ಅಂದರು.

ತೆಕ್ಲಾ


ಉಪ್ಸಾಲಾ,
25 ಫೆಬ್ರವರಿ 2016

ತೆಕ್ಲಾ,

ಸಾಮಗ್ರಿ ನಿಜವಾದದ್ದು. ಅಲೆಗಳು ನಿಜ. ನನ್ನ ಗಡ್ಡದಾಣೆ, ಬೂಯೆಲ್‌ಳ ಕಾಫಿ ಯಂತ್ರದಾಣೆ, ಉಪ್ಸಾಲಾದ ಎರಡು ಗೋಪುರದ ಚರ್ಚಿನ ಮೇಲೆ ಕೂರುವ ಸಮಸ್ತ ಕಾಗೆಗಳಾಣೆ.

ಇದೂ ತಮಾಷೆಯಂತೆ ಕೇಳುತ್ತಿದೆ ಅಂತ ಬರೆದ ಮೇಲೆ ಹೊಳೆಯಿತು. ಮತ್ತೆ ಬರೆಯುತ್ತೇನೆ: ನಿಜ.

ಸೋಮವಾರ ರಾತ್ರಿ ನಿನ್ನ ಪತ್ರವನ್ನು ನಮ್ಮ ಮಹಡಿಯವರಿಗೆಲ್ಲ ಓದಿ ಹೇಳಿದೆ. ಹತ್ತಕ್ಕೆ ಎಲ್ಲರೂ ದಕ್ಷಿಣದ ಕಿಟಕಿಗೆ ಬಂದು ಜರ್ಮನಿಯ ಕಡೆ ಮುಖ ಮಾಡಿ ಕೂಗಿದೆವು. ಕೇಳಿಸಿತಾ?

ಹಾಂಪುಸ್


ಉಪ್ಸಾಲಾ,
18 ಮಾರ್ಚ್ 2016

ತೆಕ್ಲಾ,

ಪತ್ರ ಬಂದಿಲ್ಲ. ಫೋನು ಎತ್ತುತ್ತಿಲ್ಲ. ಈಮೇಲಿಗೂ ಉತ್ತರವಿಲ್ಲ. ಸಿಟ್ಟಾಗಿದ್ದೀ ಅಂತ ಮೊದಲು ಅಂದುಕೊಂಡೆ. ಆಮೇಲೆ ಕೆಲಸ ಸರಿಹೋಗಿ ಪುರುಸೊತ್ತಿಲ್ಲದೆ ಓಡಾಡುತ್ತಿದ್ದೀ ಅಂದುಕೊಂಡೆ. ಯಾವುದು ನಿಜವಾದರೂ ಒಂದು ಸಾಲು ಬರೆ. ಬೈದು ಬರೆದರೂ ಆದೀತು.

ಕಪ್ಪನ್ನು ದಿನಾ ತೊಳೆದು ನಿನ್ನ ಜಾಗದಲ್ಲೇ ಇಡುತ್ತಿದ್ದೇನೆ. ಇದನ್ನು ತಮಾಷೆಗೆ ಬರೆಯಲಿಲ್ಲ.

ಹಾಂಪುಸ್


ಗೋಟಿಂಗೆನ್,
31 ಮಾರ್ಚ್ 2016

ಹಾಂಪುಸ್,

ಬರೆಯದೇ ಇದ್ದುದಕ್ಕೆ ಕ್ಷಮಿಸು. ನಿನ್ನ ಆಣೆಗಳನ್ನು ಓದಿ ನಂಬಲೂ ಆಗಲಿಲ್ಲ, ನಂಬದಿರಲೂ ಆಗಲಿಲ್ಲ. ಕೊನೆಗೆ ನಂಬಿದೆ. ಅದು ಇನ್ನೂ ಕಷ್ಟವಾಯಿತು. ಸಾಮಗ್ರಿ ಸರಿಯಿದ್ದರೆ, ಅಲೆ ನಿಜವಾದರೆ, ಉಳಿದದ್ದು ನನ್ನ ಕೈ.

ಎಲ್ಲ ಚೆನ್ನಾಗಿದೆ ಅಂತ ನವೆಂಬರಿನಲ್ಲಿ ಬರೆದಿದ್ದೆ. ಈಗ ಸರಿಯಾಗಿ ಬರೆಯುತ್ತೇನೆ. ಐದು ತಿಂಗಳಿಂದ ನಾನು ಇಲ್ಲಿ ಯಾರ ಜೊತೆಗೂ ಕೂತು ಕಾಫಿ ಕುಡಿದಿಲ್ಲ. ಯಾರೂ ಕೆಟ್ಟವರಲ್ಲ. ಅವರವರು ಅವರವರ ಮೇಜಿನ ಮೇಲೆ ಕಪ್ ಇಟ್ಟುಕೊಂಡು ಕೆಲಸ ಮಾಡುತ್ತಾರೆ. ನಾನು ಬೆಳಗಿನ ಜಾವಕ್ಕೆ ಬಂದು ಮೂರಕ್ಕೆಲ್ಲ ಹೊರಡುವುದರಿಂದ ಸಿಗುವುದೂ ಕಮ್ಮಿ. "ಮಾಲ್‌ಟ್ಸೈಟ್" ಹೊರತಾಗಿ ಒಂದು ಮಾತೂ ಆಡದ ದಿನಗಳಿವೆ.

ನಾನು ಸೋತಿದ್ದೇನೆ. ಮುಂದಿನ ವಾರ ಪ್ರೊಫೆಸರ್ ಬಳಿ ಹೋಗಿ, ಸಹಜ ಕೋಶದಲ್ಲಿ ಗ್ರಾಹಿ ಮೌನವಾಗಿದೆ, ನೀವು ಹೇಳಿದಂತೆ ಸಾಕುಕೋಶದಲ್ಲೇ ಮುಂದುವರಿಸುತ್ತೇನೆ ಅನ್ನುತ್ತೇನೆ. ಅವರು ಇಟ್ಟುಕೊಂಡರೆ ಇರುತ್ತೇನೆ. ಅಲೆಗಳ ಬಗೆಗಿನ ನಿನ್ನ ಲೇಖನದ ವಿಷಯ ಕೇಳಿದರೆ, ನಮ್ಮಲ್ಲಿ ಆಗಲಿಲ್ಲ ಅಂತ ಹೇಳಬೇಕಾಗುತ್ತದೆ. ಅದನ್ನು ನಿನಗೆ ಮೊದಲೇ ತಿಳಿಸಬೇಕೆಂದು ಬರೆದೆ.

ತೆಕ್ಲಾ


ಉಪ್ಸಾಲಾ,
4 ಏಪ್ರಿಲ್ 2016

ತೆಕ್ಲಾ,

ಈ ಪತ್ರವನ್ನು ಶುಕ್ರವಾರವೇ ಬರೆಯಬಹುದಿತ್ತು. ಶುಕ್ರವಾರ ಏಪ್ರಿಲ್ ಒಂದು. ನಾನು, ಆ ತಾರೀಖಿನಲ್ಲಿ, ನಿನಗೆ, ಪ್ರಯೋಗದ ಬಗ್ಗೆ! ಹಾಗಾಗಿ ಇವತ್ತಿನವರೆಗೆ ಪೆನ್ನು ಮುಟ್ಟಲಿಲ್ಲ. ಕೆಳಗೆ ಬೂಯೆಲ್‌ಳ ಸಹಿ ಇದೆ. ಮೊದಲು ಅದನ್ನು ನೋಡಿ ಆಮೇಲೆ ಓದು.

ಹೋದ ಬುಧವಾರ ಕಾಫಿ ಯಂತ್ರ ಸತ್ತಿತು. ಬೆಳಿಗ್ಗೆ ಹಂದಿಯಂತೆ ಒಮ್ಮೆ ಕೂಗಿ, ಕರಿನೀರು ಕಾರಿ, ಪ್ರಾಣಬಿಟ್ಟಿತು. ಇಡೀ ಮಹಡಿಯಲ್ಲಿ ಸೂತಕ. ಬೂಯೆಲ್ ಒದ್ದೆ ಬಟ್ಟೆ ಹಿಡಿದು ನಿಂತು, "ಇವತ್ತು ಬೆಳಗಿನ ಫೀಕಾ ಇಲ್ಲ, ಎಲ್ಲರೂ ಕೆಲಸಕ್ಕೆ ಹೋಗಿ" ಅಂದಳು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಂಥ ಮಾತು ಈ ಕಟ್ಟಡದಲ್ಲಿ ಯಾರೂ ಕೇಳಿರಲಿಲ್ಲ.

ನಾನು ಗುಚ್ಛಗಳನ್ನು ಬಟ್ಟಲಿಗೆ ಹಾಕಿ, ಮಾಡಲು ಬೇರೇನೂ ಇಲ್ಲದೆ, ನೇರವಾಗಿ ದ್ರಾವಣ ಹರಿಯಬಿಟ್ಟೆ. ಸಕ್ಕರೆ ಏರಿಸಿದೆ.

ಏನೂ ಇಲ್ಲ. ಮಸುಕು ಹಸಿರು, ಒಂದಿಷ್ಟೂ ಅಲುಗಾಡದೆ. ನೀನು ಬರೆದಿದ್ದೀಯಲ್ಲ, ಅದೇ.

ಫೆಬ್ರವರಿಯಿಂದ ನಿನಗೆ ಹೇಳದೆ ನಾನು ಆ ಪ್ರಯೋಗವನ್ನು ಮತ್ತೆ ಮತ್ತೆ ಮಾಡುತ್ತಿದ್ದೆ. ತಪ್ಪು ನನ್ನದೇ ಇರಬಹುದೆಂಬ ಭಯ. ಪ್ರತಿ ಸಲವೂ ಅಲೆ ಬರುತ್ತಿತ್ತು. ಸಮಾಧಾನ ಮಾಡಿಕೊಂಡು, ಪಾಪ, ಅವಳ ಕೈಯೇ ಸರಿಯಿಲ್ಲ ಅಂದುಕೊಳ್ಳುತ್ತಿದ್ದೆ. ಬುಧವಾರ ಆ ಮಸುಕು ಹಸಿರನ್ನು ನೋಡುತ್ತಾ ಕೂತಾಗ ಹೊಳೆಯಿತು: ಇವತ್ತು ಬೇರೆಯಾದದ್ದು ಒಂದೇ ಒಂದು. ನಾವು ಫೀಕಾಕ್ಕೆ ಹೋಗಲಿಲ್ಲ.

ನಾನು ಗುಚ್ಛಗಳನ್ನು ಬಟ್ಟಲಿಗೆ ಹಾಕುತ್ತೇನೆ. ಯಂತ್ರ ಬೆಚ್ಚಗಾಗಲಿ ಅಂತ ಬಿಟ್ಟು ಎಲ್ಲರ ಜೊತೆ ಕಾಫಿಗೆ ಹೋಗುತ್ತೇನೆ. ಬೂಯೆಲ್‌ಳ ನಾಯಿಯ ಕತೆ, ಯಾರದೋ ಮಗುವಿನ ಹಲ್ಲು, ದಾಲ್ಚಿನ್ನಿ ಬನ್. ಅರ್ಧ ಗಂಟೆ. ಆಮೇಲೆ ಬಂದು ಹರಿವು ಶುರು ಮಾಡುತ್ತೇನೆ. ಇದನ್ನು ನಾನು ವಿಧಾನದಲ್ಲಿ ಬರೆಯಲಿಲ್ಲ. ಬರೆಯಬೇಕು ಅಂತ ಹೊಳೆಯಲೇ ಇಲ್ಲ. ಸ್ವೀಡನ್ನಿನಲ್ಲಿ ಫೀಕಾವನ್ನು ಯಾವ ಮೂರ್ಖ ಪ್ರಯೋಗದ ಭಾಗ ಅಂತ ಬರೆಯುತ್ತಾನೆ? ಅದು ಉಸಿರಾಡುತ್ತಾ ಕೆಲಸ ಮಾಡಿದೆ ಅಂತ ಬರೆದ ಹಾಗೆ.

ಆ ಅರ್ಧ ಗಂಟೆಯಲ್ಲಿ ಬಟ್ಟಲಿನ ನಿಂತ ನೀರಲ್ಲಿ ಕೋಶಗಳೂ ಕೂತಿರುತ್ತವೆ. ಗುಚ್ಛದಲ್ಲಿ ನಮ್ಮ ಕೋಶ ಒಂದೇ ಇಲ್ಲವಲ್ಲ. ಪಕ್ಕದಲ್ಲಿ ಬೇರೆ ಜಾತಿಯ ನೆರೆಯವು ಇವೆ. ಅವು ಸಣ್ಣದಾಗಿ ತಮ್ಮ ಸ್ರಾವ ಬಿಡುತ್ತಿರುತ್ತವೆ. ನಮ್ಮ ಗ್ರಾಹಿ ಕೇಳಿಸಿಕೊಳ್ಳುವುದು ಅದನ್ನೇ. ಅಷ್ಟು ಪಿಸುಮಾತು ಸೇರಿಕೊಂಡ ಮೇಲೆ ಸಕ್ಕರೆ ಬಂದರೆ ಕೋಶ ಉಸಿರಾಡುತ್ತದೆ. ನೀನು ಶುಚಿಯಾಗಿ ತೊಳೆದು, ಹಾಕಿದ ಕೂಡಲೇ ಚುರುಕಾಗಿ ಹರಿಸಿದೆ. ಪಕ್ಕದವರು ಹೇಳಿದ ಮಾತು ತಲುಪುವ ಮೊದಲೇ ಕೊಚ್ಚಿಹೋಯಿತು. ಗ್ರಾಹಿ ಕಿವುಡಾಗಿರಲಿಲ್ಲ ಕಣೇ, ಅದಕ್ಕೆ ಯಾರ ಮಾತೂ ಸಿಗುತ್ತಿರಲಿಲ್ಲ.

ಗುರುವಾರ ಎರಡೂ ರೀತಿ ಮಾಡಿ ನೋಡಿದೆ. ಕಾಯದಿದ್ದರೆ ಮೌನ. ಕಾದರೆ ಅಲೆ. ನಾನು ಕಾಫಿ ಕುಡಿಯದೆ ಬಟ್ಟಲಿನ ಮುಂದೆಯೇ ಬೆಪ್ಪನಂತೆ ಕೂತು ಕಾದರೂ ಅಲೆ ಬಂತು. ಅಂದರೆ ಕಾಫಿ ವಿರಾಮ ಬೇಕಾಗಿರುವುದು ನಮಗಲ್ಲ, ಅವಕ್ಕೆ. ಶುಕ್ರವಾರ ಬೂಯೆಲ್‌ಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದೆ. ಅವಳು ಮೊದಲು ಕ್ಯಾಲೆಂಡರ್ ನೋಡಿದಳು, ಆಮೇಲೆ ಪರದೆ ನೋಡಿದಳು, ಆಮೇಲೆ ಇನ್ನೊಮ್ಮೆ ಮಾಡಿ ತೋರಿಸು ಅಂದಳು.

ನಿನ್ನ ಕೈಗೆ ಏನೂ ಆಗಿಲ್ಲ. ಪಿಪೆಟ್ ಹಿಡಿಯಲು ನನಗೆ ಕಲಿಸಿದ್ದು ಅದೇ ಕೈ.

ಹಾಂಪುಸ್

(ಇದು ತಮಾಷೆಯಲ್ಲ ತೆಕ್ಲಾ. ನಾನೇ ನೋಡಿದೆ. ಹರಿಸಬೇಡ, ಕಾಯಿ. — ಬೂಯೆಲ್)


ಉಪ್ಸಾಲಾ,
6 ಏಪ್ರಿಲ್ 2016

ತೆಕ್ಲಾ,

ನಿನ್ನ 31ರ ಪತ್ರ ಈಗ ತಲುಪಿತು. ನನ್ನದು ದಾರಿಯಲ್ಲಿದೆ, ಎರಡೂ ಎಲ್ಲೋ ಡೆನ್ಮಾರ್ಕಿನಲ್ಲಿ ಎದುರಾಗಿ, ಒಂದನ್ನೊಂದು ಗುರುತಿಸದೆ ಹೋಗಿರಬೇಕು. ನೀನು ಇನ್ನೂ ಫೋನು ಎತ್ತುತ್ತಿಲ್ಲ, ಹಾಗಾಗಿ ಇಲ್ಲೇ ಬರೆಯುತ್ತಿದ್ದೇನೆ: ಪ್ರೊಫೆಸರ್ ಬಳಿ ಹೋಗಬೇಡ. ಅದನ್ನು ಓದುವ ತನಕ ಯಾರಿಗೂ ಏನೂ ಹೇಳಬೇಡ.

ಐದು ತಿಂಗಳು ಒಬ್ಬಳೇ ಕಾಫಿ ಕುಡಿದದ್ದನ್ನು "ಎಲ್ಲ ಚೆನ್ನಾಗಿದೆ" ಅಂತ ಬರೆದೆ. ನಾನದನ್ನು ಹಾಗೇ ಓದಿ ಹೊಟ್ಟೆಕಿಚ್ಚು ಪಟ್ಟೆ. ಎಂಥ ಕಿವುಡ ನಾನು!

ಹಾಂ.


ಗೋಟಿಂಗೆನ್,
14 ಏಪ್ರಿಲ್ 2016

ಹಾಂಪುಸ್,

ನಿನ್ನ ಎರಡು ಪತ್ರಗಳೂ ಒಂದೇ ದಿನ ಬಂದವು. ಬೂಯೆಲ್‌ಳ ಸಹಿಯನ್ನು ಹಳೆಯ ಶಿಫಾರಸು ಪತ್ರದ ಸಹಿಯ ಪಕ್ಕ ಇಟ್ಟು ಹೋಲಿಸಿ ನೋಡಿದೆ. ಸಿಟ್ಟಾಗಬೇಡ, ಅಷ್ಟಕ್ಕೆ ನೀನು ಅರ್ಹ.

ಪ್ರೊಫೆಸರ್ ಬಳಿ ಇನ್ನೂ ಹೋಗಿಲ್ಲ. ಅವರು ಊರಲ್ಲಿಲ್ಲ. ಬುಧವಾರ 27ಕ್ಕೆ ಬಂದು ನನ್ನ ಪ್ರಯೋಗವನ್ನು ಅವರೇ ನೋಡಿ, ನನ್ನನ್ನು ಇಟ್ಟುಕೊಳ್ಳಬೇಕೋ ಬೇಡವೋ ತೀರ್ಮಾನಿಸುತ್ತಾರೆ.

ಆದರೆ ಒಂದು ತೊಡಕು. ಕಾಯಬೇಕಾದರೆ ಅರ್ಧ ಗಂಟೆ ಹೆಚ್ಚು ಬೇಕು. ನನ್ನ ಸರದಿ ಎಂಟಕ್ಕೆ ಮುಗಿಯುತ್ತದೆ, ಆರೂವರೆಗಿಂತ ಮೊದಲು ಕಟ್ಟಡ ತೆರೆಯುವುದಿಲ್ಲ. ಆ ಅರ್ಧ ಗಂಟೆ ಇರುವುದು ಫ್ರಾವ್ ಲೋಮಾನ್ ಬಳಿ. ಐದು ತಿಂಗಳಲ್ಲಿ ಅವರ ಜೊತೆ ಆಡಿದ ಮಾತು ಎಷ್ಟೆಂದು ನಿನಗೆ ಗೊತ್ತು. ಇವತ್ತು ಬಾಗಿಲಲ್ಲಿ ಅವರು ಬಂದು ನಿಂತಾಗ ಎದ್ದು ಎದುರಿಗೆ ಹೋದೆ.

"ಫ್ರಾವ್ ಲೋಮಾನ್, ನಿಮ್ಮ ಸಮಯದಲ್ಲಿ ಅರ್ಧ ಗಂಟೆ ನನಗೆ ಬಿಟ್ಟುಕೊಡ್ತೀರಾ? ನಾಳೆ ಒಂದಿನ."

"ಯಾವ ಕೆಲಸಕ್ಕೆ?"

"ಏನೂ ಮಾಡದೆ ಇರೋಕೆ."

ಅವರ ಹುಬ್ಬು ಮೇಲೇರಿತು. ನಿನ್ನ ಪತ್ರದ ಕತೆ ಹೇಳಿದೆ. ಕಾಫಿ ಯಂತ್ರ ಹಂದಿಯಂತೆ ಕೂಗಿ ಸತ್ತದ್ದನ್ನು ಹೇಳುವಾಗ ಆ ತುಟಿ ಸ್ವಲ್ಪ ಅಲುಗಿತು. "ಹಾಗಾದ್ರೆ ನಾಳೆ ಆ ಅರ್ಧ ಗಂಟೆ ನೀವೆಲ್ಲಿರ್ತೀರಿ?" ಅಂದರು. "ಅಡುಗೆಕೋಣೆಯಲ್ಲಿ. ಕಾಫಿ ಮಾಡಿಕೊಂಡು" ಅಂದೆ. "ನನಗೆ ಹಾಲು ಬೇಡ" ಅಂದು ಒಳಗೆ ಹೋದರು.

ತೆಕ್ಲಾ


ಉಪ್ಸಾಲಾ,
21 ಏಪ್ರಿಲ್ 2016

ಅತಿ ಗೌರವಾನ್ವಿತ ತೆಕ್ಲಾ ಅವರಿಗೆ,

ಆಮೇಲೆ? ಆಮೇಲೆ? ಅಲ್ಲಿಗೇ ನಿಲ್ಲಿಸಿದೆಯಲ್ಲ! ಇದು ಪ್ರತೀಕಾರ ಅಂತ ಗೊತ್ತು. ಇಲ್ಲಿ ಎಲ್ಲರೂ ನದಿ ಮೇಲೆ ತೇಲಿಸಲು ಥರ್ಮೋಕೋಲಿನ ತೆಪ್ಪ ಕಟ್ಟುತ್ತಿದ್ದಾರೆ, ಮೂವತ್ತಕ್ಕೆ ವಾಲ್‌ಬೋರ್ಗ್, ವಸಂತದ ಹಬ್ಬ. ನಮ್ಮ ತೆಪ್ಪ ಕಾಫಿ ಯಂತ್ರದ ಆಕಾರದ್ದು. ಮುಳುಗುತ್ತದೆಂದು ಎಲ್ಲರಿಗೂ ಭರವಸೆಯಿದೆ. ಅಪಹರಣ ಸಮಿತಿ ಕಪ್ಪನ್ನು ಬಿಡುಗಡೆ ಮಾಡಲು ಸರ್ವಾನುಮತದಿಂದ ತೀರ್ಮಾನಿಸಿದೆ. ಹತ್ತಿಯಲ್ಲಿ ಸುತ್ತಿ ಇಟ್ಟಿದ್ದೇನೆ. ಒಂದು ಮಾತು ಹೇಳು, ಕಳಿಸುತ್ತೇನೆ.

ಹಾಂಪುಸ್


ಗೋಟಿಂಗೆನ್,
28 ಏಪ್ರಿಲ್ 2016

ಹಾಂಪುಸ್,

ಆಮೇಲೆ ಇಷ್ಟು. ಗೆಸಿನೆ (ಫ್ರಾವ್ ಲೋಮಾನ್‌ಗೆ ಒಂದು ಹೆಸರೂ ಇದೆ!) ಅಡುಗೆಕೋಣೆಗೆ ಬಂದರು. ಮೊದಲು ನಿಂತೇ ಕುಡಿಯುತ್ತಿದ್ದವರು ಆಮೇಲೆ ಕೂತರು. ನನ್ನನ್ನು ಮೊದಲ ದಿನದಿಂದ ಗಂಭೀರ ಸ್ವಭಾವದವಳು, ಮಾತಾಡಿಸಿದರೆ ಕಿರಿಕಿರಿ ಆದೀತು ಅಂದುಕೊಂಡಿದ್ದರಂತೆ. ನಾನು ಅವರನ್ನು ಏನಂದುಕೊಂಡಿದ್ದೆ ಅಂತ ಹೇಳಲಿಲ್ಲ. ನಾವು ವಾಪಸು ಬಂದು ಹರಿವು ಬಿಟ್ಟೆವು, ಸಕ್ಕರೆ ಏರಿಸಿದೆವು. ಹಾಂಪುಸ್, ಅಲೆ ಬಂತು. ಒಂದು ಅಂಚಿನಲ್ಲಿ ಸಣ್ಣಗೆ ಶುರುವಾಗಿ ಇಡೀ ಗುಚ್ಛ ಹಸಿರಾಗಿ ಉಸಿರಾಡಿತು. ನಾನು ಅತ್ತೆ. ಗೆಸಿನೆ ಬೆನ್ನು ತಿರುಗಿಸಿ ಕೈಗವಸು ಹುಡುಕುವ ನಾಟಕ ಮಾಡಿದರು.

ನಿನ್ನೆ ಪ್ರೊಫೆಸರ್ ವೀಗಾಂಡ್ ಬಂದರು. ಗುಚ್ಛ ಬಟ್ಟಲಿಗೆ ಹಾಕಿ, "ಈಗ ಕಾಯಬೇಕು ಪ್ರೊಫೆಸರ್, ಬನ್ನಿ, ಕಾಫಿ" ಅಂದೆ. ಮಧ್ಯಾಹ್ನದ ಊಟವನ್ನೂ ನಡೆಯುತ್ತಲೇ ಮುಗಿಸುವವರು. ನನ್ನ ಮತ್ತು ಗೆಸಿನೆಯ ನಡುವೆ ಕುರ್ಚಿಯ ತುದಿಯಲ್ಲಿ ಕೂತು, ಸ್ವಲ್ಪ ಹೊತ್ತಾದ ಮೇಲೆ, "ಮುಗಿಯಿತಾ?" ಅಂದರು. "ಇನ್ನೂ ಇಲ್ಲ." ಕೊನೆಗೆ ತಮ್ಮಪ್ಪ ಜೇನು ಸಾಕುತ್ತಿದ್ದ ಕತೆ ಶುರು ಮಾಡಿಬಿಟ್ಟರು. ಹೊತ್ತು ಮೀರಿದ್ದು ಅವರಿಗೇ ಗೊತ್ತಾಗಲಿಲ್ಲ, ನಾವೇ ಎಬ್ಬಿಸಬೇಕಾಯಿತು.

ಪರದೆಯ ಮುಂದೆ ತುಂಬ ಹೊತ್ತು ಕೂತರು. ಮೊದಲು ಕಾಯದೆ ಮಾಡಿದ್ದನ್ನು ಕೇಳಿ ನೋಡಿದರು, ಆಮೇಲೆ ಕಾದದ್ದನ್ನು ಮತ್ತೊಮ್ಮೆ. "ಅಂದರೆ ಡಾಕ್ಟರ್, ಇಷ್ಟು ವರ್ಷ ನಮ್ಮ ಸಾಕುಕೋಶಗಳಲ್ಲಿ ನಾವು ಕೇಳಿದ್ದು..." ಅಂದು ನಿಲ್ಲಿಸಿದರು. "ಅದೂ ಗ್ರಾಹಿಯೇ ಪ್ರೊಫೆಸರ್. ಆದರೆ ಅದು ಸಂತೆ. ಇದು ಮನೆ" ಅಂದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಸಂಜೆ ಮುಂದುವರಿಕೆಯ ಆದೇಶಕ್ಕೆ ಸಹಿ ಹಾಕಿದರು. ವಿಧಾನದಲ್ಲಿ ಕಾಫಿ ಅಂತ ಬರೆಯಕೂಡದಂತೆ. "ಕೋಶಗಳನ್ನು ಅವುಗಳ ನೆರೆಯೊಂದಿಗೆ, ನಿಂತ ದ್ರಾವಣದಲ್ಲಿ ಅರ್ಧ ಗಂಟೆ ಬಿಡಲಾಯಿತು" ಅಂತ ಬರೆದೆ. ಓದಿ ಒಪ್ಪಿದರು. ಸರದಿ ಪಟ್ಟಿಯಲ್ಲಿ ಗೆಸಿನೆ ನನ್ನ ಹೆಸರಿನ ಮುಂದೆ ತಮ್ಮ ಅರ್ಧ ಗಂಟೆಯನ್ನು ಶಾಶ್ವತವಾಗಿ ಸೇರಿಸಿದ್ದಾರೆ. "ಇನ್ನು ಮೇಲೆ ನನಗೆ ನೀವು ಗೀವು ಬೇಡ, ನೀನು ಅಂತ ಕರಿ" ಅಂದರು. ನಾಲಿಗೆ ಇನ್ನೂ ಒಗ್ಗಿಲ್ಲ, ಅದಕ್ಕೇ ಈ ಪತ್ರದ ತುಂಬ "ಅವರು" ಬಂದಿದೆ.

ಕಪ್ಪನ್ನು ಕಳಿಸಬೇಡ. ಅಲ್ಲೇ, ನನ್ನ ಜಾಗದಲ್ಲೇ ಇರಲಿ. ಬಂದಾಗ ಅದರಲ್ಲೇ ಕುಡಿಯುತ್ತೇನೆ. ಇಲ್ಲಿಗೆ ಬೇರೆ ಒಂದು ಕೊಂಡೆ.

ಇನ್ನೊಂದು ಸುದ್ದಿ ಉಳಿಯಿತು. ಸಹಿಯಾದ ಸಂಜೆ ಮನೆಗೆ ಬಂದು, ಹತ್ತು ಗಂಟೆಗೆ ಕಿಟಕಿ ತೆರೆದು ನಿಂತಿದ್ದೆ. ಕೂಗಬೇಕೆಂದು ಅಲ್ಲ, ಗಾಳಿ ಚೆನ್ನಾಗಿತ್ತು. ಚರ್ಚಿನ ಗಂಟೆ ಹತ್ತು ಹೊಡೆದು ಮುಗಿಸಿತು. ಬೀದಿ ಸುಮ್ಮನಿತ್ತು. ಆಗ ಕೆಳಗಿನ ಮಹಡಿಯ ಕಿಟಕಿ ಕಿರ್ರೆಂದು ತೆರೆಯಿತು. ರಾತ್ರಿಯುಡುಪಿನಲ್ಲಿ ಫ್ರಾವ್ ಟೀಡೆಮಾನ್ ತಲೆ ಹೊರಗೆ ಹಾಕಿ ಮೇಲೆ ನೋಡಿದರು.

"ಏನಮ್ಮಾ, ಇವತ್ತೂ ಕೂಗಲ್ವಾ?" ಅಂದರು. "ಫೆಬ್ರವರಿಯಿಂದ ಕಾಯ್ತಾ ಇದೀನಿ."

ತೆಕ್ಲಾ